ನೀಲವ್ವನ ಎರಡು ಚಿತ್ರ

ಡಾಕ್ಟರ್ ಸುಲೋಚನಾ ನಾಡಗೌಡರ ಬಳಿ ಎಂಆರ್‌ಐ ಚಿತ್ರ ಓದಲು ಕಲಿಯುತ್ತಿದ್ದ ಶಿಷ್ಯನ ಹೆಸರು ಪ್ರಭುಲಿಂಗ. ಜಾಣ. ತಾನು ಜಾಣನೆಂಬುದು ಅವನಿಗೂ ಗೊತ್ತಿತ್ತು. ಕಷ್ಟ ಇದ್ದದ್ದೇ ಅಲ್ಲಿ.

ಒಂದು ಬೆಳಿಗ್ಗೆ ನೀಲವ್ವ ಎಂಬಾಕೆಯ ಚಿತ್ರಗಳು ಬಂದವು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಶ್ವಾಸಕೋಶದಲ್ಲಿ ಸಣ್ಣ ಕ್ಯಾನ್ಸರ್ ಗಡ್ಡೆ, ಕತ್ತರಿಸಿ ತೆಗೆಯಬಹುದಾದದ್ದು. ಆದರೆ ಮೂತ್ರಪಿಂಡದ ನೆತ್ತಿಯಲ್ಲಿ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲೂ ಒಂದು ಗಂಟು ಕಂಡಿತ್ತು.

ಕ್ಯಾನ್ಸರ್ ಅಲ್ಲಿಗೂ ಹಬ್ಬಿದ್ದರೆ ಆಪರೇಷನ್ ಇಲ್ಲ. ಅದು ಕೊಬ್ಬು ಬೆರೆತ ನಿರುಪದ್ರವಿ ಗಂಟಾದರೆ ಆಕೆ ಬದುಕುವ ದಾರಿ ಇದೆ.

ಇದನ್ನು ತಿಳಿಯಲು ಯಂತ್ರ ಎರಡು ಬಗೆಯ ಚಿತ್ರ ತೆಗೆಯುತ್ತದೆ. ಕೊಬ್ಬಿನ ಗಂಟು ಎರಡನೆಯದರಲ್ಲಿ ಕಪ್ಪಾಗುತ್ತದೆ. ಹಬ್ಬಿದ ಕ್ಯಾನ್ಸರ್ ಸಾಮಾನ್ಯವಾಗಿ ಕಪ್ಪಾಗುವುದಿಲ್ಲ.

ಪ್ರಭುಲಿಂಗ ಗಂಟನ್ನು ಪಕ್ಕದ ಲಿವರಿಗೆ ಹೋಲಿಸಿದ. ಮೊದಲ ಚಿತ್ರದಲ್ಲಿ ಲಿವರಿನಷ್ಟೇ ಬಿಳುಪು. ಎರಡನೆಯದರಲ್ಲೂ ಲಿವರಿನ ಬಣ್ಣವೇ. ಬದಲಾಗಿಲ್ಲ ಎಂದುಕೊಂಡು, 'ಕ್ಯಾನ್ಸರ್ ಹಬ್ಬಿದೆ' ಎಂದು ಬರೆದು ಗುರುವಿನ ಸಹಿಗೆ ತಂದ.

"ಕಪ್ಪಾಗಿಲ್ಲೇನು?"

"ಇಲ್ರಿ ಮೇಡಂ. ಲಿವರ್ ಜೋಡಿ ಹೋಲಿಸಿ ನೋಡೇನ್ರಿ."

"ಖಾತ್ರಿ ಐತಿ?"

"ನೂರಕ್ಕ ನೂರ್ರಿ."

ಗುರು ಬೈಯಲಿಲ್ಲ. ಪರದೆಯ ಮೇಲಿದ್ದ ಲಿವರನ್ನು ಎರಡೂ ಅಂಗೈಯಿಂದ ಮುಚ್ಚಿದರು, ಒಂದೊಂದು ಚಿತ್ರಕ್ಕೆ ಒಂದೊಂದು.

"ಈಗ ನೋಡು."

ಹೋಲಿಸಲು ಲಿವರಿಲ್ಲದೆ ಅವನ ಕಣ್ಣು ಎಡಬದಿಯ ಗುಲ್ಮದ, ಅಂದರೆ ಕೊಬ್ಬು ಸೇರದ ಸ್ಪ್ಲೀನಿನ, ಕಡೆ ಹೋಯಿತು. ಗುಲ್ಮ ಎರಡು ಚಿತ್ರಗಳಲ್ಲೂ ಇದ್ದ ಹಾಗೇ ಇತ್ತು. ಗಂಟು ಮಾತ್ರ ಎರಡನೆಯದರಲ್ಲಿ ಹೆಂಚಿನ ತಳದ ಹಾಗೆ ಕಪ್ಪಗಾಗಿತ್ತು.

ಅವನು ಪರದೆಯ ಹತ್ತಿರ ಬಾಗಿ ಮತ್ತೊಮ್ಮೆ ನೋಡಿದ.

"ಮೇಡಂ... ಲಿವರಿನ್ಯಾಗೂ ಕೊಬ್ಬೈತ್ರಿ. ಎರಡೂ ಕೂಡೇ ಕಪ್ಪಾಗ್ಯಾವು. ಅದಕ್ಕ ನನಗ ಫರಕು ಕಾಣ್ಲಿಲ್ಲ."

"ಅಳತಿಕೋಲೇ ಕುಗ್ಗಿದ್ರ ಏನ್ ಅಳೀತಿ?" ಎಂದರು ಗುರು.

ಅವನು ಹಳೆಯ ವರದಿಯನ್ನು ಹರಿದ. 'ಕೊಬ್ಬಿನ ಗಂಟು, ಕ್ಯಾನ್ಸರ್ ಹಬ್ಬಿಲ್ಲ' ಎಂದು ಹೊಸದನ್ನು ಬರೆದ. ನೀಲವ್ವನ ಆಪರೇಷನ್ ಆಯಿತು, ಶ್ವಾಸಕೋಶದ ಗಡ್ಡೆ ಹೊರಬಂತು.

ತಿಂಗಳ ಮೇಲೆ ಆಕೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ನನ್ನ ಚಿತ್ರ ಓದಿದ ಡಾಕ್ಟರ್ ಯಾರ್ರಿ? ಕೈ ಮುಗದು ಹೋಗ್ತೀನಿ."

ಪ್ರಭುಲಿಂಗ ಒಳಗೋಡಿದ. ಅವನ ಕಣ್ಣು ತುಂಬಿತ್ತು.

"ಮೇಡಂ, ನೀವ ಬರ್ರಿ. ಆ ದಿನ ನೀವು ಇಲ್ಲದಿದ್ರ ನಾನು ಆಕೀನ್ನ ಸಾಯಾಕ ಬಿಡ್ತಿದ್ದೆ. ಆಕಿದಷ್ಟ ಅಲ್ರಿ, ನನ್ನ ಜೀವಾನೂ ಉಳಿಸೀರಿ. ಆಕಿ ಕೈ ಮುಗೀಬೇಕಾದ್ದು ನಿಮಗ."

ಗುರು ಎದ್ದೇಳಲಿಲ್ಲ. ನೀಲವ್ವನ ಚಿತ್ರಗಳನ್ನು ಮತ್ತೆ ಪರದೆಗೆ ತಂದರು.

"ಅಂಚು ಎಷ್ಟು ಸಾಫ್ ಅದಾವ ನೋಡು. ಚಿತ್ರ ತೆಗಿಯೂಮುಂದ ಆಕಿ ಒಂದು ಸಲ ಕೆಮ್ಮಿದ್ರೂ ಎಲ್ಲಾ ಕಲಸಿ ಹೋಗ್ತಿತ್ತು, ನನಗೂ ಏನೂ ಕಾಣ್ತಿರಲಿಲ್ಲ. ಅಂಥಾ ಶ್ವಾಸಕೋಶ ಇಟಗೊಂಡು ಇಪ್ಪತ್ತು ಸೆಕೆಂಡ್ ಉಸಿರು ಬಿಗಿಹಿಡದಾಳ ಆಕಿ. ಹೋಗು, ಆಕಿ ಕೈ ಎತ್ತೂದ್ರೊಳಗ ನೀನ ಆಕಿಗೆ ಕೈ ಮುಗಿ."