ಭುಜದ ಮೊಳೆ

ಬಯಲುಸೀಮೆಯ ಒಂದು ಊರು. ಊರಿಗೊಂದು ಚರ್ಚು, ಚರ್ಚಿನ ಮುಂದೆ ಒಂದು ಬಯಲು. ಪ್ರತಿ ವರ್ಷ ಶುಭ ಶುಕ್ರವಾರ ಮಧ್ಯಾಹ್ನ ಆ ಬಯಲಲ್ಲಿ ಊರಿನವರೇ ಸೇರಿ ಯೇಸುಸ್ವಾಮಿ ಶಿಲುಬೆ ಏರಿದ ಪಾಡಿನ ನಾಟಕ ಆಡ್ತಿದ್ರು.

ಅದರಲ್ಲಿ ಚೌರಪ್ಪನದು ಬರಬ್ಬನ ಪಾತ್ರ. ಬರಬ್ಬ ಅಂದ್ರೆ ಕೊಲೆ ಮಾಡಿ ಸೆರೆಮನೆ ಸೇರಿದ್ದ ಆಸಾಮಿ. ತೀರ್ಪು ಕೊಡೋ ಅಧಿಪತಿ ಪಿಲಾತ ಜನರನ್ನ ಕೇಳ್ತಾನೆ, ಹಬ್ಬಕ್ಕೆ ಒಬ್ಬನ್ನ ಬಿಡ್ತೀನಿ, ಯೇಸುನ ಬಿಡ್ಲೋ, ಬರಬ್ಬನ್ನ ಬಿಡ್ಲೋ? ಜನ ಬರಬ್ಬನ್ನೇ ಬಿಡು ಅಂತಾರೆ. ಸೈನಿಕ ಸರಪಳಿ ಬಿಚ್ತಾನೆ, ಬರಬ್ಬ ಹೊರಟು ಹೋಗ್ತಾನೆ. ಅಷ್ಟೇ ಪಾತ್ರ. ಒಂದು ಮಾತೂ ಇಲ್ಲ.

ಚೌರಪ್ಪನಿಗೆ ಅದನ್ನ ಕೊಟ್ಟಿದ್ದೇ ಅದಕ್ಕೆ. ಬೇರೆ ಏನು ಕೊಟ್ಟರೂ ಒಂದಲ್ಲ ಒಂದು ಅನಾಹುತ ಆಗೋದು. ಸೈನಿಕನಾದಾಗ ಪಂಜು ಹಿಡಿದು ಪಿಲಾತನ ಗಡ್ಡ ಸುಟ್ಟಿದ್ದ. ಯೇಸು ಯಾರೋ ಗೊತ್ತಿಲ್ಲ ಅಂತ ಶಿಷ್ಯ ಪೇತ್ರ ಸುಳ್ಳು ಹೇಳಿದ ಮೇಲೆ ಹುಂಜ ಕೂಗಬೇಕಲ್ಲ, ಆ ಹುಂಜ ಹಿಡ್ಕೊಳ್ಳೋ ಕೆಲಸ ಕೊಟ್ಟಿದ್ರು. ಪೇತ್ರ ಇನ್ನೂ ಬಾಯೇ ಬಿಟ್ಟಿರ್ಲಿಲ್ಲ, ಹುಂಜ ಚೌರಪ್ಪನ ಕೈ ತಪ್ಪಿಸ್ಕೊಂಡು ಹಾರಿ ಫಾದರ್ ತಲೆ ಮೇಲೆ ಇಳಿದಿತ್ತು.

ಕೊನೆಗೆ ಊರ ಯಜಮಾನ್ರು ಜಕರಿಯಪ್ಪನವರು ಅವನನ್ನ ಮನೆಗೆ ಕರೆಸಿದ್ರು.

"ನೋಡು ಚೌರಪ್ಪ, ಇನ್ನೊಂದು ಅನಾಹುತ ಆಯ್ತೋ, ನಿನ್ನ ಮನೇನ ಊರಿಂದ ಹೊರಗಿಡ್ತೀವಿ. ನಿಮ್ಮನೆ ಸಾವಿಗೂ ಯಾರೂ ಬರಲ್ಲ, ಮದುವೆಗೂ ಯಾರೂ ಬರಲ್ಲ."

"ಆಯ್ತು ಯಜಮಾನ್ರೇ," ಅಂದ ಚೌರಪ್ಪ. ಬಗ್ಗಿ ಕೈಮುಗಿಯೋಕೆ ಹೋಗಿ ಅವರ ಕಾಫಿ ಲೋಟ ಉರುಳಿಸಿದ. ಅದನ್ನ ಅವರು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಮದುವೆ ಅನ್ನೋ ಮಾತು ಮಾತ್ರ ಚೌರಪ್ಪನ ಎದೇಲಿ ಕೂತುಬಿಡ್ತು. ಮಗಳು ಸಿಸಿಲಿಯಾಗೆ ಗಂಡು ಗೊತ್ತಾಗಿತ್ತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆ ಮಾಡೋ ಹಂಗಿಲ್ಲ. ಈಸ್ಟರ್ ಆದ ಮೇಲೆ ಅಂತ ಮಾತಾಗಿತ್ತು.

ನಾಟಕದಲ್ಲಿ ಯೇಸುಸ್ವಾಮಿ ಆಗ್ತಿದ್ದವನು ಇನ್ನಾಸಪ್ಪ. ಚೌರಪ್ಪನ ಜೊತೇಲೇ ಗೋಲಿ ಆಡಿ ಬೆಳೆದವನು. ಅವನ ಅಪ್ಪನದೂ ಅದೇ ಪಾತ್ರ, ಅದೇ ಕೆಂಪು ನಿಲುವಂಗಿ. ಅವನ ತಾಯಿ ಜಪಮಾಲಮ್ಮ ಮೊದಲನೇ ಸಾಲಲ್ಲಿ ಕೂತು ಹಿಂದೆ ಗಂಡ ಶಿಲುಬೆ ಏರೋದು ನೋಡಿ ಅತ್ತಿದ್ರು, ಈಗ ಮಗ ಏರೋದು ನೋಡಿ ಅಳ್ತಿದ್ರು. "ಯೇಸುಸ್ವಾಮಿ ತಾಯಿ ಮರಿಯಮ್ಮ ಒಂದು ವರ್ಷ ಅತ್ತಳು. ನಂದು ವರ್ಷವರ್ಷದ ಕೆಲಸ," ಅನ್ನೋರು.

ಆ ಶುಕ್ರವಾರ ಬಿಸಿಲು ಜೋರಾಗಿತ್ತು. ದೊಡ್ಡವರೆಲ್ಲ ಉಪವಾಸ, ಸಂಜೆ ಚರ್ಚಲ್ಲಿ ಗಂಜಿ ಕೊಡೋವರೆಗೂ ಹೊಟ್ಟೆಗೇನಿಲ್ಲ. ಚೌರಪ್ಪ ಮಾತ್ರ ಚರ್ಚಿನ ಪಕ್ಕದ ಕೋಣೇಲಿ ಒಂದು ಪೊಟ್ಟಣ ಕಡ್ಲೆಪುರಿ ಬಚ್ಚಿಟ್ಟಿದ್ದ. ಬರಬ್ಬ ಉಪವಾಸ ಮಾಡಿದ ಅಂತ ಎಲ್ಲೂ ಹೇಳಿಲ್ಲ ಅನ್ನೋದು ಅವನ ವಾದ.

"ಬರಬ್ಬನ್ನ ಬಿಡು" ಅಂತ ಜನ ಕೂಗಿದ್ರು. ಸೈನಿಕ ಸರಪಳಿ ಬಿಚ್ಚಿದ. ಎತ್ತಿಗೆ ಕಟ್ಟೋ ಸರಪಳಿ ಅದು. ಒಂದು ಕಾಲಿಂದು ಬಿಚ್ಚಿ ಇನ್ನೊಂದು ಕಾಲಿಂದು ಮರೆತ. ಚೌರಪ್ಪ ಕಾಯಲಿಲ್ಲ, ಸರಪಳಿ ಎಳ್ಕೊಂಡೇ ಕೋಣೆಗೆ ಓಡಿದ.

ಕೋಣೇಲಿ ಹೂವಿನ ಮಂಚದ ಮೇಲೆ ಯೇಸುಸ್ವಾಮಿಯ ಮರದ ಸ್ವರೂಪ ಮಲಗಿಸಿದ್ರು. ನಾಟಕ ಮುಗಿದ ಮೇಲೆ ಅದನ್ನ ಹೊತ್ತು ಊರು ಸುತ್ತೋದು, ಜನ ಒಬ್ಬೊಬ್ಬರಾಗಿ ಬಂದು ಅದರ ಬಲಗೈಗೆ ಮುತ್ತಿಡೋದು, ತಾತಂದಿರ ಕಾಲದಿಂದ ನಡ್ಕೊಂಡು ಬಂದಿತ್ತು.

ಚೌರಪ್ಪ ಗೂಡಿಂದ ಪೊಟ್ಟಣ ತಗೊಂಡು ತಿರುಗಿದ. ಸರಪಳಿ ಮಂಚದ ಕಾಲಿಗೆ ಸಿಕ್ಕಿಕೊಂಡಿತ್ತು. ಮಂಚ ವಾಲ್ತು, ಸ್ವರೂಪ ಜಾರ್ತು. ಚೌರಪ್ಪ ಹಿಡ್ಕೊಂಡ. ಹಿಡ್ಕೊಂಡಿದ್ದು ಬಲಗೈ. ಸ್ವಾಮಿ ನೆಲಕ್ಕೆ ಬಿದ್ರು, ಕೈ ಭುಜದಿಂದ ಕಿತ್ತು ಚೌರಪ್ಪನ ಹತ್ರ ಉಳೀತು.

ಅದೇ ಹೊತ್ತಿಗೆ ಇನ್ನಾಸಪ್ಪ ಒಳಗೆ ಬಂದ. ಚಾಟಿ ಏಟಿನ ಗುರುತಿಗೆ ಮೈಗೆ ಕುಂಕುಮದ ನೀರು ಬಳ್ಕೊಂಡು, ಮುಳ್ಳಿನ ಕಿರೀಟ ಇಟ್ಕೊಂಡು ಅವನು ವಾಪಸ್ ಹೋಗ್ಬೇಕಿತ್ತು. ಬಾಗಿಲಲ್ಲೇ ನಿಂತ.

"ಇದೇನ್ಲಾ?"

"ಕಡ್ಲೆಪುರಿ," ಅಂದ ಚೌರಪ್ಪ.

"ಇನ್ನೊಂದು ಕೈಲಿರೋದು ಕಣೋ."

ಚೌರಪ್ಪ ಇನ್ನೊಂದು ಕೈ ನೋಡ್ಕೊಂಡ. ಅಲ್ಲೇ ಕುಸಿದು ಕೂತ. "ಇನ್ನಾಸ, ಮಗಳ ಮದುವೆ ನಿಂತೋಯ್ತು," ಅಂದ.

ಹೊರಗೆ ಸೈನಿಕರು ಗೋಣಿಚೀಲಕ್ಕೆ ಚಾಟೀಲಿ ಹೊಡೀತಿದ್ರು. ಆ ಸದ್ದಿಗೆ ಹೆಂಗಸರು ಅಳ್ತಿದ್ರು. ಇನ್ನಾಸಪ್ಪ ಅದನ್ನ ಕೇಳಿಸ್ಕೊಂಡ. ಆಮೇಲೆ ಸ್ವರೂಪ ಎತ್ತಿ ಮಂಚದ ಮೇಲಿಟ್ಟ. ಮುರಿದ ಕೈನ ಚೌರಪ್ಪನಿಂದ ತಗೊಂಡ. ಬಗ್ಗಿ ಅವನ ಕಾಲಿನ ಸರಪಳಿ ಬಿಚ್ಚಿದ.

"ನೀನು ಮನೆಗೆ ಹೋಗು. ನಿನ್ನ ಪಾತ್ರ ಮುಗೀತಲ್ಲ."

"ಮತ್ತೆ ಇದು?"

"ನಾನು ನೋಡ್ಕೋತೀನಿ."

ಹೆಂಗೆ ನೋಡ್ಕೋತೀಯ ಅಂತ ಚೌರಪ್ಪ ಕೇಳಲಿಲ್ಲ. ಕೇಳಿದ್ರೆ ಉತ್ತರ ಹೇಳಿಬಿಟ್ಟಾನು ಅಂತ ಭಯ. ಹಿಂದಿನ ಬಾಗಿಲಿಂದ ಹೊರಟ. ದಾರೀಲಿ ಕಡ್ಲೆಪುರಿ ತಿಂದ. ಒಂದು ಸಲಾನೂ ಹಿಂದೆ ತಿರುಗಲಿಲ್ಲ. ಅಸಲಿ ಬರಬ್ಬನೂ ಹಿಂಗೇ ಹೋಗಿರ್ಬೇಕು. ಬಿಟ್ಟ ಮೇಲೆ ಅವನು ಏನು ಮಾಡಿದ ಅಂತ ಯಾರೂ ಬರೆದಿಟ್ಟಿಲ್ಲ.

ಆ ಸಂಜೆ ಸ್ವರೂಪಕ್ಕೆ ಶಾಲು ಹೊದಿಸಿ ಜನರ ಕೈಲಿ ಎಡಗೈಗೆ ಮುತ್ತಿಡಿಸಿದ್ರು. ಈಸ್ಟರ್ ಕಳೆದ ಮಾರನೇ ದಿನ ಹಿರಿಯರು ಸೇರಿದ್ರು.

"ಮುರಿದೋರು ಯಾರು?" ಅಂತ ಕೇಳಿದ್ರು ಜಕರಿಯಪ್ಪನವರು.

ಇನ್ನಾಸಪ್ಪ ಎದ್ದು ನಿಂತ. "ಅದೇನು ಶಿಕ್ಷೆ ಇದೆಯೋ ನನಗೆ ಕೊಡಿ ಯಜಮಾನ್ರೇ," ಅಂದ.

ಅವನು ಸುಳ್ಳು ಹೇಳಲಿಲ್ಲ. ಆದ್ರೆ ಎಲ್ಲರಿಗೂ ಅರ್ಥ ಆಗಿದ್ದು ಒಂದೇ. ಎಲ್ಲರೂ ಛೆ ಛೆ ಅಂದ್ರು. ಚೌರಪ್ಪನೂ ಅಂದ. ಸುಮ್ಮನಿದ್ರೆ ಅನುಮಾನ ಬರುತ್ತೆ ಅಂತ ಸ್ವಲ್ಪ ಜೋರಾಗೇ ಅಂದ.

ಮೊದಲನೇ ತಪ್ಪು ಅಂತ ಇನ್ನಾಸಪ್ಪನ್ನ ಊರೊಳಗೇ ಇಟ್ಕೊಂಡ್ರು. ಕೆಂಪು ಅಂಗಿ ಮಾತ್ರ ವಾಪಸ್ ತಗೊಂಡ್ರು. ಸ್ವಾಮಿ ಮೈ ಮುರಿದವನು ಸ್ವಾಮಿ ಅಂಗಿ ಹಾಕೋ ಹಂಗಿಲ್ಲ ಅಂದ್ರು. ಬಡಗಿ ಬಂದು ಸ್ವರೂಪದ ಕೈ ಸೇರಿಸಿ ಭುಜಕ್ಕೆ ಒಂದು ದಪ್ಪ ಮೊಳೆ ಹೊಡೆದ. ಬಣ್ಣ ಬಳಿದರೂ ಮೊಳೆ ತಲೆ ಕಾಣ್ತಾನೇ ಇತ್ತು.

ಮುಂದಿನ ಭಾನುವಾರ ಚರ್ಚಲ್ಲಿ ಜಪಮಾಲಮ್ಮ ಮೊದಲ ಸಾಲಿಗೆ ಬರಲಿಲ್ಲ. ಕೊನೇ ಸಾಲಲ್ಲಿ, ಜನ ಚಪ್ಪಲಿ ಬಿಡೋ ಜಾಗದ ಪಕ್ಕ ಕೂತ್ಕೊಂಡ್ರು.

ಸಿಸಿಲಿಯಾ ಮದುವೆ ಚೆನ್ನಾಗಾಯ್ತು. ಜಕರಿಯಪ್ಪನವರೇ ಮುಂದೆ ನಿಂತು ನಡೆಸಿದ್ರು. ಇನ್ನಾಸಪ್ಪ ಸಾರಿನ ಬಕೆಟ್ ಹಿಡಿದು ಪಂಕ್ತಿ ತುಂಬ ಓಡಾಡಿದ. ಚೌರಪ್ಪ ಅವನನ್ನ ಒಲೆ ಹಿಂದಕ್ಕೆ ಎಳ್ಕೊಂಡು ಹೋಗಿ, "ನಾನು ಹೇಳಿಬಿಡ್ತೀನಿ ಕಣೋ, ಈ ಗದ್ದಲ ಮುಗೀಲಿ," ಅಂದ.

"ಊರಿಗೆ ಹೇಳೋದು ಹಂಗಿರ್ಲಿ. ಅವ್ವ ಒಬ್ಬಳಿಗೆ ಹೇಳು. ನಾನೇ ಹೇಳಿದ್ರೆ, ತಪ್ಪು ಮುಚ್ಕೊಳ್ಳೋಕೆ ಇನ್ನೊಬ್ಬರ ಮೇಲೆ ಹಾಕ್ತಾನೆ ಅಂತಾಳೆ."

ಚೌರಪ್ಪ ಆಗ್ಲಿ ಅಂದ. ಮಗಳು ಮೊದಲನೇ ಸಲ ತವರಿಗೆ ಬಂದು ಹೋಗ್ಲಿ ಅಂದ್ಕೊಂಡ. ಮಗಳು ಬಂದು ಹೋದಳು. ರಾಗಿ ಬಿತ್ತನೆ ಆಗ್ಲಿ ಅಂದ್ಕೊಂಡ. ಬಿತ್ತನೆ ಆಯ್ತು. ಮರಿಯಮ್ಮನ ಹಬ್ಬ ಕಳೀಲಿ ಅಂದ್ಕೊಂಡ. ಸತ್ಯ ಹೇಳೋಕೆ ಒಳ್ಳೆ ದಿನ ಹುಡುಕೋನಿಗೆ ಆ ದಿನ ಯಾವಾಗ್ಲೂ ಹಬ್ಬದ ಆಚೆನೇ ಇರುತ್ತೆ.

ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಜಪಮಾಲಮ್ಮ ಮೆಟ್ಟಿಲ ಮೇಲೆ ಅವನನ್ನ ನಿಲ್ಲಿಸಿದ್ರು.

"ಚೌರಪ್ಪ, ನೀನು ಆವತ್ತು ಅಲ್ಲೇ ಇದ್ದೆಯಲ್ಲಪ್ಪ. ನನ್ನ ಮಗ ಕುಡಿದಿದ್ನಾ?"

"ಇಲ್ಲ ಕಣವ್ವಾ. ದೇವರಾಣೆ ಇಲ್ಲ."

"ಮತ್ತೆ ಹೆಂಗೆ ಮುರೀತು?"

ಮಾತು ನಾಲಿಗೆ ತುದಿಗೆ ಬಂದಿತ್ತು. ಅಲ್ಲಿಂದ ವಾಪಸ್ ಹೋಯ್ತು. "ಹಳೇ ಮರ ಅಲ್ವೇನವ್ವಾ," ಅಂದ ಚೌರಪ್ಪ.

"ನಾನೂ ಹಳೇ ಮರನೇ. ಇನ್ನೂ ಮುರಿದಿಲ್ಲ ನೋಡು," ಅಂತ ನಕ್ಕು, ಅವನ ಭುಜ ಹಿಡ್ಕೊಂಡು ಮೆಟ್ಟಿಲಿಳಿದ್ರು.

ಮರಿಯಮ್ಮನ ಹಬ್ಬಕ್ಕೆ ಬಾವುಟ ಏರಿಸೋ ಮುಂಚೆನೇ ಜಪಮಾಲಮ್ಮ ತೀರ್ಕೊಂಡ್ರು. ಗುಂಡಿಗೆ ಚೌರಪ್ಪನೂ ಒಂದು ಹಿಡಿ ಮಣ್ಣು ಹಾಕಿದ. ಆ ಕಡೆ ನಿಂತಿದ್ದ ಇನ್ನಾಸಪ್ಪ ಅವನನ್ನ ನೋಡಿದ. ಹೇಳಿದ್ಯಾ ಅಂತ ಕೇಳಲಿಲ್ಲ. ಕೇಳಿದ್ರೇ ಚೆನ್ನಾಗಿರ್ತಿತ್ತು.

ಮತ್ತೆ ತಪಸ್ಸುಕಾಲ ಬಂತು. ಪಾತ್ರ ಹಂಚೋಕೆ ಜನ ಸೇರಿದ್ರು. "ಚೌರಪ್ಪ ಬದಲಾಗಿದ್ದಾನೆ. ಒಂದು ವರ್ಷದಿಂದ ಒಂದು ಅನಾಹುತ ಇಲ್ಲ, ತಲೆ ಎತ್ತಿ ಮಾತಾಡಲ್ಲ, ಎಲ್ಲೋ ಮೂಲೇಲಿ ಕೂತಿರ್ತಾನೆ. ಈ ಸಲ ಯೇಸುಸ್ವಾಮಿ ಅವನೇ ಆಗ್ಲಿ," ಅಂದ್ರು ಜಕರಿಯಪ್ಪನವರು.

"ನಾನು ಯೋಗ್ಯನಲ್ಲ ಯಜಮಾನ್ರೇ," ಅಂದ ಚೌರಪ್ಪ. ಜೀವಮಾನದಲ್ಲಿ ಅಷ್ಟು ನಿಜ ಅವನು ಯಾವತ್ತೂ ಹೇಳಿರ್ಲಿಲ್ಲ. ಎಷ್ಟು ವಿನಯ ಅಂತ ಎಲ್ಲರೂ ಮೆಚ್ಕೊಂಡ್ರು. ಬರಬ್ಬನ ಸರಪಳಿ ಇನ್ನಾಸಪ್ಪನಿಗೆ ಹೋಯ್ತು. ತಪ್ಪು ಮಾಡಿದವನ ವೇಷ ತಪ್ಪು ಮಾಡಿದವನಿಗೇ ಸರಿ ಅಂದ್ರು.

ಇನ್ನಾಸಪ್ಪ ಎತ್ತರದ ಆಳು. ಅವನ ಅಂಗಿ ಚೌರಪ್ಪನ ಕಾಲಿಗೆ ತೊಡರ್ತಿತ್ತು. ಶಿಲುಬೆ ಹೊತ್ತಾಗ ಮೂರು ಸಲ ಬೀಳ್ಬೇಕು ಅಂತ ಇರೋದು. ಚೌರಪ್ಪ ಕಂಡಕಂಡಲ್ಲೆಲ್ಲ ಬಿದ್ದ. ಜನ ಭಕ್ತಿಯಿಂದ ಅತ್ತರು.

ಶಿಲುಬೆಗೆ ಹಗ್ಗದಲ್ಲಿ ಕಟ್ಟಿ ಎತ್ತಿ ನಿಲ್ಲಿಸಿದ್ರು. ಇಷ್ಟು ವರ್ಷ ನಾಟಕದಲ್ಲಿದ್ದೂ ಚೌರಪ್ಪ ಈ ಭಾಗ ನೋಡಿದೋನೇ ಅಲ್ಲ. ಈ ಹೊತ್ತಿಗೆ ಅವನು ಮನೇಲಿರ್ತಿದ್ದ. ಮೇಲಿಂದ ಎಲ್ಲ ಕಾಣ್ತಿತ್ತು. ಚರ್ಚಿನ ತೆರೆದ ಬಾಗಿಲೊಳಗೆ ಕೊನೇ ಸಾಲು ಕಾಣ್ತಿತ್ತು. ಚಪ್ಪಲಿ ಪಕ್ಕದ ಆ ಜಾಗ ಖಾಲಿ ಇತ್ತು.

ಕೆಳಗೆ ನೋಡಿದ. ಶಿಲುಬೆ ಬುಡದಲ್ಲಿ ಇನ್ನಾಸಪ್ಪ ನಿಂತಿದ್ದ, ಬಿಚ್ಚಿದ ಸರಪಳಿ ಕೈಲಿ ಹಿಡ್ಕೊಂಡು.

"ನಿನ್ನ ಪಾತ್ರ ಮುಗೀತು, ಹೋಗೋ," ಅಂತ ಒಬ್ಬ ಸೈನಿಕ ಪಿಸುಗುಟ್ಟಿದ.

"ಇರ್ತೀನಿ," ಅಂದ ಇನ್ನಾಸಪ್ಪ.

ಈಗ ಚೌರಪ್ಪ ಹೇಳ್ಬೇಕಾದ ಮಾತು, ಅಪ್ಪಾ ಇವರನ್ನು ಕ್ಷಮಿಸು ಅಂತ. ಬಾಯಿ ತೆರೆದ. ಅದು ಬರಲಿಲ್ಲ. ಬೇರೆಯದು ಬಂತು.

"ಸ್ವಾಮಿ ಕೈ ಮುರಿದಿದ್ದು ನಾನು."

ಮಾತು ಮರೆತಿದ್ದಾನೆ ಅಂತ ಪರದೆ ಹಿಂದಿನಿಂದ ಪುಸ್ತಕ ಹಿಡಿದಿದ್ದವರು ಎತ್ಕೊಟ್ರು. "ಅಪ್ಪಾ, ಇವರನ್ನು ಕ್ಷಮಿಸು."

"ಮರೆತಿಲ್ಲ," ಅಂದ ಚೌರಪ್ಪ ಪರದೆ ಕಡೆ ಕತ್ತು ತಿರುಗಿಸಿ. "ಮುರಿದಿದ್ದು ನಾನು. ಇನ್ನಾಸಪ್ಪ ಅಲ್ಲ. ಕಡ್ಲೆಪುರಿ ತಿನ್ನೋಕೆ ಹೋಗಿದ್ದೆ."

"ಈ ಮಾತು ಹೋದ ವರ್ಷ ಇರ್ಲಿಲ್ಲ," ಅಂದಳು ಮುಂದೆ ಕೂತಿದ್ದ ಒಬ್ಬ ಮುದುಕಿ.

ಜಕರಿಯಪ್ಪನವರು ಎದ್ದು ನಿಂತ್ರು. "ಏನಯ್ಯಾ ಅದು? ಇಳಿದು ಬಂದು ಮಾತಾಡು."

"ಇಳಿಯೋಕಾಗಲ್ಲ ಯಜಮಾನ್ರೇ. ಕಟ್ಟಿದೀರ."

ಒಂದಿಬ್ಬರು ನಕ್ಕರು. ಚೌರಪ್ಪ ಕೊನೇ ಸಾಲಿನ ಕಡೆ ನೋಡ್ತಾ ಹೇಳಿದ, "ಜಪಮಾಲವ್ವ ನನ್ನನ್ನ ಕೇಳಿದ್ರು. ಹಳೇ ಮರ ಅಂದೆ." ಆಮೇಲೆ ಯಾರೂ ನಗಲಿಲ್ಲ.

ಕೆಳಗಿನಿಂದ ಇನ್ನಾಸಪ್ಪ ಮೆಲ್ಲಗೆ ಕರೆದ. "ಚೌರ, ಮುಂದಿನ ಮಾತು ಹೇಳು."

"ಬರ್ತಿಲ್ಲ ಕಣೋ."

"ನನ್ನ ಹಿಂದೆ ಹೇಳು. ಅಪ್ಪಾ, ಇವರನ್ನು ಕ್ಷಮಿಸು."

"ಅಪ್ಪಾ, ನನ್ನನ್ನು ಕ್ಷಮಿಸು," ಅಂದ ಚೌರಪ್ಪ.

"ಇವರನ್ನು," ಅಂತ ತಿದ್ದಿದ್ರು ಪರದೆ ಹಿಂದಿನವರು.

"ಇರ್ಲಿ ಬಿಡಿ," ಅಂದ ಇನ್ನಾಸಪ್ಪ. "ಸರಿಯಾಗೇ ಹೇಳ್ದ."

ಶಿಲುಬೆ ಇಳಿಸಿದ ಮೇಲೆ ಹಗ್ಗ ಬಿಚ್ಚಿದವನೂ ಇನ್ನಾಸಪ್ಪನೇ. "ಅವ್ವನಿಗೆ ಹೇಳ್ಬೇಕಿತ್ತು," ಅಂದ ಚೌರಪ್ಪ.

"ಹ್ಞೂ. ಹೇಳ್ಬೇಕಿತ್ತು."

"ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ಮಣ್ಣು ಹಾಕಿದ ದಿನ ಬಹಳ ಇತ್ತು." ಇನ್ನಾಸಪ್ಪ ಕೊನೇ ಗಂಟು ಬಿಚ್ಚಿ ಹಗ್ಗ ಸುತ್ತಿಟ್ಟ. "ಈಗ ಹಸಿವು. ಬಾ, ಗಂಜಿ ಆರಿಹೋಗುತ್ತೆ."

ಹಿರಿಯರು ಮತ್ತೆ ಸೇರಿದ್ರು. ಹೇಳಿದ ಮಾತಿನ ಪ್ರಕಾರ ಚೌರಪ್ಪನ ಮನೇನ ಹೊರಗಿಡ್ಬೇಕಿತ್ತು. ಇನ್ನಾಸಪ್ಪ ಎದ್ದು ನಿಂತು, "ಆ ತಪ್ಪಿಗೆ ಶಿಕ್ಷೆ ನಾನಾಗ್ಲೇ ಅನುಭವಿಸಿ ಆಯ್ತಲ್ಲ ಯಜಮಾನ್ರೇ. ಒಂದು ತಪ್ಪಿಗೆ ಎರಡು ಸಲ ಶಿಕ್ಷೆ ಉಂಟಾ?" ಅಂದ. ಜಕರಿಯಪ್ಪನವರು ಬಹಳ ಹೊತ್ತು ಯೋಚನೆ ಮಾಡಿ, ಇಲ್ಲ ಅಂದ್ರು.

ಕೆಂಪು ಅಂಗಿ ಇನ್ನಾಸಪ್ಪನಿಗೆ ವಾಪಸ್ ಹೋಯ್ತು, ಸರಪಳಿ ಚೌರಪ್ಪನಿಗೆ ಬಂತು. ಅಲ್ಲಿಂದೀಚೆಗೆ ಆ ಊರ ನಾಟಕದಲ್ಲಿ ಬರಬ್ಬ ಬಿಡುಗಡೆ ಆದ ಮೇಲೆ ಹೋಗಲ್ಲ. ಕೊನೇವರೆಗೂ ಶಿಲುಬೆ ಕೆಳಗೆ ನಿಂತಿರ್ತಾನೆ. ಇದು ಬೈಬಲಲ್ಲಿ ಇಲ್ಲ ಅಂತ ಹೊಸದಾಗಿ ಬಂದ ಫಾದರ್ ಹೇಳಿ ನೋಡಿದ್ರು. "ಇರ್ಬೇಕಿತ್ತು," ಅಂದ್ರು ಊರಿನವರು.

ಬಡಗಿ ಆ ಮೊಳೆ ಕಿತ್ತು ಮರದ ಬೆಣೆ ಹಾಕ್ತೀನಿ, ಗೊತ್ತೇ ಆಗಲ್ಲ ಅಂದ. ಚೌರಪ್ಪ ಬೇಡ ಅಂದ. ಮೆರವಣಿಗೇಲಿ ಎಲ್ಲರೂ ಸ್ವಾಮಿಯ ಕೈಗೆ ಮುತ್ತಿಟ್ರೆ ಅವನು ಭುಜದ ಮೊಳೆಗೆ ಇಡ್ತಾನೆ. ಶಿಲುಬೇಲಿ ಸ್ವಾಮಿಗೆ ಹೊಡೆದ ಉಳಿದ ಮೊಳೆಗಳು ಯಾರವೋ, ಇದು ಮಾತ್ರ ಯಾರದು ಅಂತ ಅವನಿಗೆ ಗ್ಯಾರಂಟಿ. ಆಮೇಲೆ ಚರ್ಚಿನ ಕೊನೇ ಸಾಲಿನ ಹತ್ರ ಹೋಗ್ತಾನೆ. ಜಪಮಾಲಮ್ಮ ಕೂರ್ತಿದ್ದ ಜಾಗದಲ್ಲಿ ಯಾರಾದ್ರೂ ಚಪ್ಪಲಿ ಬಿಟ್ಟಿದ್ರೆ ಎತ್ತಿ ಆಚೆ ಇಡ್ತಾನೆ.

ನೀತಿ: ನಮ್ಮ ತಪ್ಪನ್ನ ಇನ್ನೊಬ್ಬರು ಹೊತ್ಕೊಂಡಿದ್ದಕ್ಕೇ ನಮಗೆ ಬಿಡುಗಡೆ ಸಿಕ್ಕಿರೋದು. ಯೇಸುಸ್ವಾಮಿಯ ಶಿಲುಬೆ ಹೇಳೋದು ಇಷ್ಟೇ. ಸರಪಳಿ ಬಿಚ್ಚಿದ ತಕ್ಷಣ ಮನೆಗೆ ಓಡಬೇಡಿ, ನಮ್ಮ ಬದಲು ಅಲ್ಲಿ ಯಾರಿದ್ದಾರೆ ಅಂತ ನಿಂತು ನೋಡಿ. ತಪ್ಪು ಒಪ್ಕೊಳ್ಳೋಕೆ ಹಬ್ಬ ಕಳೀಲಿ ಅಂತ ಕಾಯಬೇಡಿ. ತಡವಾಗಿ ಕೇಳಿದ್ರೂ ಕ್ಷಮೆ ಸಿಗುತ್ತೆ. ಆದ್ರೆ ಆ ಮಾತು ಕೇಳಿಸ್ಕೊಳ್ಳಬೇಕಾದವರು ಅಷ್ಟು ಹೊತ್ತು ಕೊನೇ ಸಾಲಲ್ಲಿ ಕಾಯ್ತಾ ಕೂತಿರಲ್ಲ.