ಅಕ್ಕಸಾಲಿಗನ ಚಾಪೆ

“ಗುರುಗಳೇ, ಇಂಗ್ಲಿಷಿನಲ್ಲಿ ‘ಸರ್ಟನ್’ ಎನ್ನುತ್ತಾರಲ್ಲ, ಆ ಮಾತು ಎಲ್ಲಿಂದ ಬಂತು?” ಎಂದು ಶಾಂತವೀರ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಮಠದ ಗುಟ್ಟೊಂದು ಊರೆಲ್ಲ ಹರಡಿತ್ತು. ಅದು ತಿಳಿದಿದ್ದವರು ಮೂವರೇ: ಗುರುಗಳು, ಸಹಪಾಠಿ ಸೋಮಲಿಂಗ ಮತ್ತು ಶಾಂತವೀರ. ಹರಡಿದವನು ಸೋಮಲಿಂಗನೇ ಎಂದು ಶಾಂತವೀರ ಆಡಳಿತ ಮಂಡಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದ. ‘ಸರ್ಟನ್’, ಅಂದರೆ ಖಂಡಿತ, ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದ. ಕಾಗದ ತಲುಪಿದರೆ ಸೋಮಲಿಂಗ ಮಠ ಬಿಡಬೇಕು. ಅದಿನ್ನೂ ಜೇಬಿನಲ್ಲೇ ಇತ್ತು; ಬರೆದದ್ದು ಗುರುಗಳಿಗೆ ತಿಳಿದಿತ್ತು.

ಗುರುಗಳು ಹೇಳಿದರು: ಅದರ ಬೇರು ಲ್ಯಾಟಿನ್ನಿನಲ್ಲಿದೆ. ಜರಡಿ ಹಿಡಿ, ಬೇರ್ಪಡಿಸು ಎಂಬುದು ಅಲ್ಲಿನ ಅರ್ಥ. ಬರಬರುತ್ತ ತೀರ್ಮಾನಿಸು ಎಂದಾಯಿತು. ಈಗ ಜರಡಿ ಹೋಗಿದೆ, ತೀರ್ಮಾನ ಮಾತ್ರ ಉಳಿದಿದೆ. ಹೆಸರು ಹೇಳದೆ ‘ಯಾರೋ ಒಬ್ಬ’ ಎನ್ನುವುದಕ್ಕೂ ಅವರು ಅದೇ ಮಾತು ಬಳಸುತ್ತಾರೆ. ಹಾಗೆ ಯಾರೋ ಒಬ್ಬ ಅಕ್ಕಸಾಲಿಗ ಇದ್ದ ಅಂದುಕೋ.

ಅವನ ಅಂಗಡಿಯಲ್ಲಿ ಸರದ ಒಂದು ಚಿನ್ನದ ಗುಂಡು ಕಾಣೆಯಾಯಿತು. ಅವನನ್ನು ಬಿಟ್ಟರೆ ಅಂಗಡಿಯ ಒಳಗೆ ಬರುತ್ತಿದ್ದವಳು ಕಸ ಗುಡಿಸುವ ಹೆಂಗಸು ಒಬ್ಬಳೇ. ಖಂಡಿತ ಅವಳೇ ತೆಗೆದಿದ್ದಾಳೆ ಎಂದು ಅಕ್ಕಸಾಲಿಗ ಬೀದಿಗೆಲ್ಲ ಕೇಳುವಂತೆ ಹೇಳಿದ. ಅಂದಿನಿಂದ ಆ ಬೀದಿಯಲ್ಲಿ ಯಾರೂ ಅವಳನ್ನು ಹೊಸಿಲು ದಾಟಲು ಬಿಡಲಿಲ್ಲ.

ತಿಂಗಳಾದ ಮೇಲೆ ಜಾಲಗಾರ ಬಂದ. ಅಕ್ಕಸಾಲಿಗರ ಅಂಗಡಿಯ ಕಸ, ಬೂದಿ ಕೊಂಡು, ನೀರಿನಲ್ಲಿ ಜಾಲಿಸಿ, ಚಿನ್ನದ ಪುಡಿ ಹೆಕ್ಕಿ ಬದುಕುವವನು ಅವನು. ಗುಂಡಿನ ಸಂಗತಿ ಕೇಳಿ, ಒಂದು ತಿಂಗಳ ಬೂದಿಯನ್ನೆಲ್ಲ ಅಂಗಳದಲ್ಲೇ ಜಾಲಿಸಿದ. ಸಂಜೆಯಾಯಿತು. ಗುಂಡು ಸಿಗಲಿಲ್ಲ.

ಅಕ್ಕಸಾಲಿಗ ನಕ್ಕ. “ನಾನು ಅವತ್ತೇ ಹೇಳಲಿಲ್ಲವೇನಯ್ಯಾ? ಸುಮ್ಮನೆ ಸೊಂಟ ನೋಯಿಸಿಕೊಂಡೆ.”

“ಬೂದಿಯಲ್ಲಿಲ್ಲ ಅಂತ ಮಾತ್ರ ಗೊತ್ತಾಯಿತು, ಧಣಿ. ನೀವು ಕೂತಿರುವ ಚಾಪೆ ಒಂದು ಉಳಿದಿದೆ.”

ಅಕ್ಕಸಾಲಿಗನಿಗೆ ಸಿಟ್ಟು ಬಂತು. ಮೂವತ್ತು ವರ್ಷದಿಂದ ತಾನು ಕೂರುವ ಚಾಪೆ, ಅದರಲ್ಲಿರುವುದು ತನಗೆ ತಿಳಿಯದೆ ಹೋಗುತ್ತದೆಯೇ ಎಂದು ಗದರಿದ. ಜಾಲಗಾರ ಕದಲಲಿಲ್ಲ. ಕೊನೆಗೆ ಅಕ್ಕಸಾಲಿಗನೇ ಎದ್ದು ಚಾಪೆ ಎತ್ತಿ ಒದರಿದ. ಅಂಚಿನ ಬಟ್ಟೆಯ ಮಡಿಕೆಯಿಂದ ಗುಂಡು ಉರುಳಿತು.

ಅಕ್ಕಸಾಲಿಗ ಅಂದೇ ಆ ಹೆಂಗಸಿನ ಮನೆಗೆ ಹೋಗಿ, ಖಂಡಿತ ನಿನ್ನ ತಪ್ಪೇನೂ ಇಲ್ಲ, ನಾಳೆಯಿಂದ ಕೆಲಸಕ್ಕೆ ಬಾ ಎಂದು ಕರೆದ. ಅವಳು ಬಾಗಿಲಿನಿಂದ ಈಚೆಗೆ ಬರಲಿಲ್ಲ. “ಅವತ್ತೂ ನೀವು ಖಂಡಿತ ಅಂದಿದ್ರಿ, ಸ್ವಾಮಿ” ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಂತವೀರನಿಗೆ ಅಕ್ಕಸಾಲಿಗನ ಮೇಲೆ ಬೇಸರವಾಯಿತು. ಇಷ್ಟು ಸುಲಭದ ಕೆಲಸವನ್ನು ಅವನು ಮೊದಲ ದಿನವೇ ಏಕೆ ಮಾಡಲಿಲ್ಲ ಎಂದು ಕೇಳಿದ.

“ಚಾಪೆ ಎತ್ತಬೇಕಾದರೆ ಅದರ ಮೇಲೆ ಕೂತವನು ಮೊದಲು ಏಳಬೇಕು, ಶಾಂತವೀರ. ಕಾಗದ ಬರೆಯುವ ಮುನ್ನ ನೀನು ಎದ್ದೆಯಾ?”