ಯಾವ ಕೋಣೆಗೂ ಸೇರದ ಚಿಪ್

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಬಹಳ ದೂರದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಅರಮನೆಯ ಪಕ್ಕದಲ್ಲೇ ಉಗುರಿನಗಲದ ಚಿಪ್ ಮಾಡುವ ಕಾರ್ಖಾನೆ. ಹೊಸ ಹೊಸ ಚಿಪ್ ಕಂಡುಹಿಡಿಯೋ ಪಂಡಿತರೆಲ್ಲ ಅಲ್ಲೇ ಇದ್ದರು.

ಚಿಪ್ ಮಾರುವವನು ವರ್ತಕರ ಯಜಮಾನ ಭದ್ರಯ್ಯ. ಅವನು ಕಾರ್ಖಾನೆಯ ಮೂರು ಕೋಣೆಗೆ ಮೂರು ಫಲಕ ಹೊಡೆಸಿದ. ಒಂದು, ಅಳೆಯೋ ಚಿಪ್. ಇನ್ನೊಂದು, ನೆನಪಿಡೋ ಚಿಪ್. ಮತ್ತೊಂದು, ಲೆಕ್ಕ ಹಾಕೋ ಚಿಪ್. "ಫಲಕದ ಹೆಸರಿಗೆ ಹೊಂದಿದರೆ ಮಾತ್ರ ಚಿಪ್ ಮಾಡೋಕೆ ಕುಲುಮೆ ಕೊಡಿ" ಅಂತ ರಾಜನಿಂದ ಅಪ್ಪಣೆ ಹೊರಡಿಸಿದ. ಒಂದರಲ್ಲೇ ಎಲ್ಲ ಇದ್ದರೆ ಜನ ಮೂರು ಯಾಕೆ ಕೊಳ್ತಾರೆ? ಅದು ಅವನ ಒಳಗುಟ್ಟು.

ಆ ಪಂಡಿತರಲ್ಲಿ ಸಿರಿಯಮ್ಮ ಅಂತ ಒಬ್ಬಳು. ಅವಳ ತಂಗಿ ಕೆಂಚಮ್ಮನ ಮನೆ ದೊಡ್ಡಕೆರೆಯ ಏರಿ ಕೆಳಗೆ. ಒಂದು ದಿನ ಸಿರಿಯಮ್ಮ ಆ ಏರಿ ಜಿನುಗೋದನ್ನು ಕಂಡಳು. ತೇವ ಅಳೆದು, ನಿನ್ನೆಯದನ್ನು ನೆನಪಿಟ್ಟು, ಎಷ್ಟು ಹೆಚ್ಚಿತೆಂದು ಲೆಕ್ಕ ಹಾಕಿ, ಅಪಾಯ ಕಂಡರೆ ಗಂಟೆ ಬಾರಿಸುವ ಒಂದೇ ಚಿಪ್ ಯೋಚಿಸಿದಳು.

ಮೊದಲ ಕೋಣೆಯವರು, "ಇದು ನೆನಪಿಡುತ್ತಲ್ಲಮ್ಮ, ಪಕ್ಕಕ್ಕೆ ಹೋಗಿ" ಅಂದರು. ಪಕ್ಕದವರು, "ಲೆಕ್ಕ ಹಾಕುತ್ತಲ್ಲಮ್ಮ, ಆಚೆಗೆ ಹೋಗಿ" ಅಂದರು. ಆಚೆಯವರು, "ಅಳೆಯುತ್ತಲ್ಲಮ್ಮ, ಮೊದಲನೇ ಕೋಣೆಗೆ ಹೋಗಿ" ಅಂದರು. ಕೊನೆಗೆ ಭದ್ರಯ್ಯನ ಕಾಲಿಗೂ ಬಿದ್ದಳು.

"ಹೆಸರೇ ಇಲ್ಲದ್ದನ್ನು ಯಾರು ಕೊಳ್ತಾರೆ ತಾಯಿ?" ಎಂದು ಅವನು ನಕ್ಕ.

ಆ ಮಳೆಗಾಲ ಏರಿ ಒಡೆಯಿತು. ಯಾವ ಗಂಟೆಯೂ ಮೊಳಗಲಿಲ್ಲ. ಕೆಳಗಿನ ಕೇರಿ ಕೊಚ್ಚಿಹೋಯಿತು. ಕೆಂಚಮ್ಮನ ಸೀರೆಯೊಂದು ಜಾಲಿಮುಳ್ಳಿಗೆ ಸಿಕ್ಕಿಕೊಂಡಿತ್ತು, ಅಷ್ಟೇ.

ಸಿರಿಯಮ್ಮನ ಚಿಪ್ ಯಾಕೆ ಮಾಡಿಸಲಿಲ್ಲ ಅಂತ ರಾಜ ವಿಚಾರಣೆಗೆ ಕೂತ. ಭದ್ರಯ್ಯ ಕೈಮುಗಿದ. "ಮಹಾಪ್ರಭು, ಅಂಥ ಚಿಪ್ ಅನ್ನೋ ಜಾತಿಯೇ ಲೋಕದಲ್ಲಿಲ್ಲ. ಇಲ್ಲದ್ದನ್ನು ಹೇಗೆ ಮಾಡಿಸಲಿ?"

ಸಿರಿಯಮ್ಮ ಕಣ್ಣೊರೆಸಿಕೊಂಡು ಎದ್ದಳು. "ಯಜಮಾನರೇ, ನಿಮ್ಮ ಮನೆ ನಾಯಿ ವಾಸನೆ ಹಿಡಿಯುತ್ತಾ?"

"ಹಿಡಿಯುತ್ತೆ."

"ಮನೆಯವರ ವಾಸನೆ ನೆನಪಿಡುತ್ತಾ?"

"ಇಡುತ್ತೆ."

"ಎರಡನ್ನೂ ತೂಗಿ ನೋಡಿ, ಕಳ್ಳ ಬಂದರೆ ಬೊಗಳುತ್ತಾ?"

"ಬೊಗಳದೆ ಇನ್ನೇನು? ಅದು ನಾಯಿ!"

"ನಾಯಿ ಅಂತ ಹೆಸರಿಡೋಕೆ ಮುಂಚೆ ಅದು ಬೊಗಳ್ತಿರಲಿಲ್ವೇ?"

ರಾಜ ಭದ್ರಯ್ಯನನ್ನು ಗಡಿಯಾಚೆಗೆ ಅಟ್ಟಿದ, ಫಲಕ ಕೀಳಿಸಿದ.

ಸಿರಿಯಮ್ಮನಿಗೆ ಕುಲುಮೆ ಸಿಕ್ಕಿತು. ಚಿಪ್ ಆಯಿತು. ಹೊಸ ಏರಿಗೆ ಅದನ್ನು ತಾನೇ ಕೂರಿಸಿದಳು. ಆದರೆ ಏರಿಯ ಕೆಳಗೆ ಈಗ ಯಾರ ಮನೆಯೂ ಇಲ್ಲ.

ತಿಳಿಯಿತೇ ಮಕ್ಕಳೇ? ಹೆಸರಿರೋದು ಕರೆಯೋದಕ್ಕೆ. ಹೆಸರಿನ ಅಳತೆಗೆ ವಿದ್ಯೆಯನ್ನು ಕತ್ತರಿಸಿದರೆ, ಬೇಕಾದದ್ದು ಹುಟ್ಟೋದೇ ಇಲ್ಲ; ಹುಟ್ಟಿದರೂ ಹೊತ್ತು ಮೀರಿರುತ್ತೆ.